ಕೌದಿಯ ಮೂಲೆಯಲ್ಲಿದ್ದ ಹೆಸರು

ಪುಣೆಗೆ ಹೋಗಿದ್ದ ಕೌದಿ ಹದಿನೇಳನೆಯ ದಿನ ಮರಳಿ ಬಂತು. ಕೊರಿಯರ್‌ನವನು ಗಂಟನ್ನು ಹೊಸ್ತಿಲ ಮೇಲಿಟ್ಟು ಸಹಿ ಹಾಕಿಸಿಕೊಂಡು ಹೋದ. ವಿಶಾಖಾ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟು ಮೆತ್ತಿದ ಕೈಯಲ್ಲೇ ಪ್ಲಾಸ್ಟಿಕ್ ಹರಿದು ಕೌದಿಯನ್ನು ನೆಲದ ಮೇಲೆ ಹರವಿದಳು. ಅಂಚಿನಿಂದ ನಡುವಿನವರೆಗೆ ಒಂದರ ಪಕ್ಕ ಒಂದು ನೆಟ್ಟಗೆ ಸಾಗಬೇಕಾದ ಹೊಲಿಗೆಯ ಸಾಲುಗಳು ಅರ್ಧಕ್ಕೆ ದಾರಿ ತಪ್ಪಿದ್ದವು. ಎರಡು ಕಡೆ ಸೂಜಿ ಕೆಳಗಿನ ಬಟ್ಟೆಯನ್ನು ಮುಟ್ಟಿಯೇ ಇರಲಿಲ್ಲ. ಬೆರಳು ತೂರಿಸಿದರೆ ಒಳಗಿನ ಹಳೆಯ ಸೀರೆಯ ತುಂಡು ಹೊರಗೆ ಬರುತ್ತಿತ್ತು.

“ಅತ್ತಿ, ಇದನ್ನ ಸ್ವಲ್ಪ ನೋಡ್ರಿ.”

ಗೋಡೆಗೆ ಒರಗಿ ಕುಳಿತಿದ್ದ ಸೂಗಮ್ಮ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗೈಯಿಂದ ಸವರಿದಳು. ಅವಳ ಕಣ್ಣು ಮಾತ್ರ ಬಾಗಿಲ ಕಡೆಗಿತ್ತು.

“ಏನಾಗ್ಯಾದ? ಚಲೋ ಅದಲ್ಲ.”

“ಎಲ್ಲಿ ಚಲೋ ಅದ? ಈ ಸಾಲು ಎತ್ತಾಗ ಹೋಗ್ಯಾದ ನೋಡ್ರಿ. ಇದು ಯಾವ ಬಣ್ಣದ ತುಂಡು ಹೇಳ್ರಿ ನೋಡೋಣು.”

“ನಿನ್ನ ರೊಟ್ಟಿ ಸೀಯಾಕತ್ತದ. ಮೊದಲು ಅದನ್ನ ನೋಡು.”

ರೊಟ್ಟಿ ನಿಜವಾಗಿಯೂ ಸೀಯುತ್ತಿತ್ತು. ವಿಶಾಖಾ ಏಳಲಿಲ್ಲ. ಒಳಗಿನ ಕೋಣೆಯಲ್ಲಿ ಓದುತ್ತಿದ್ದ ಮಗಳು ಸುಜಾತಾ ಬಂದು ಗ್ಯಾಸ್ ಆರಿಸಿ ಅಲ್ಲಿಯೇ ನಿಂತಳು.

“ಅವ್ವಾ, ಅಜ್ಜಿಗೆ ಕಾಣಂಗಿಲ್ಲ. ಮೂರು ತಿಂಗಳಾತು. ದಿನಾ ಮುಂಜಾನಿ ಇಪ್ಪತ್ತು ಸೂಜಿಗೆ ನಾನ ದಾರ ಪೋಣಿಸಿ ಇಡ್ತೀನಿ. ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಾಳ.”

ಸೂಗಮ್ಮ ಕೌದಿಯನ್ನು ಮಡಿಚತೊಡಗಿದಳು. “ಪೂರಾ ಹೋಗಿಲ್ಲ. ಬಿಸಲಾಗ ಕುಂತರ ಸ್ವಲ್ಪ ಕಾಣ್ತಾದ,” ಎಂದಳು.

ರಾಯಚೂರಿನ ಆ ಎರಡು ಕೋಣೆಯ ಬಾಡಿಗೆ ಮನೆ ನಡೆಯುತ್ತಿದ್ದುದು ಸೂಗಮ್ಮನ ಕೈಯಿಂದ. ಮಗ ಯಲ್ಲಾಲಿಂಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಈ ವರ್ಷ ಅವನಿಗೆ ತರಗತಿ ಸಿಕ್ಕಿರಲಿಲ್ಲ. ಎರಡು ವರ್ಷದ ಹಿಂದೆ ವಿಶಾಖಾ, ಅತ್ತೆ ಹೊಲಿದ ಕೌದಿಯ ಫೋಟೋ ಒಂದನ್ನು ಮೊಬೈಲಿನಲ್ಲಿ ಹಾಕಿದಾಗ ಬೆಂಗಳೂರಿನಿಂದ ಯಾರೋ ಬೆಲೆ ಕೇಳಿದ್ದರು. ಅಲ್ಲಿಂದ ಶುರುವಾದ ಸಣ್ಣ ಅಂಗಡಿ ಅದು. ಹೆಸರು ‘ಸೂಗಮ್ಮಜ್ಜಿ ಕೌದಿ’. ಅಂಗಡಿಯೆಂದರೆ ಒಂದು ಫೋನು, ಒಂದು ಟ್ರಂಕು ಹಳೆಯ ಸೀರೆ, ಮತ್ತು ಸೂಜಿ ಹಿಡಿದು ನಗುವ ಸೂಗಮ್ಮನ ಮುಖ. ಕೊಳ್ಳುವವರಿಗೆ ಆ ಮುಖವೇ ಬೇಕಾಗಿತ್ತು. ಪ್ರತಿ ಕೌದಿಯ ಮೂಲೆಯಲ್ಲಿ ಕೆಂಪು ದಾರದಲ್ಲಿ ‘ಸೂಗಮ್ಮ’ ಎಂದು ಹೊಲಿದು ಕಳಿಸುತ್ತಿದ್ದರು.

ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಇಂಜೆಕ್ಷನ್ ಹಾಕಿ ಹಿಡಿದಿಡಬಹುದು ಎಂದರು. ಹೊರಗೆ ಬಂದ ಮೇಲೆ ಯಲ್ಲಾಲಿಂಗ ಆಟೋ ಕರೆಯದೆ ಆಸ್ಪತ್ರೆಯ ಗೇಟಿನ ಹತ್ತಿರ ಬಹಳ ಹೊತ್ತು ನಿಂತ.

“ಯವ್ವಾ, ಮೊದಲ ಹೇಳಿದ್ರ ಏನಾಗ್ತಿತ್ತು?”

“ಹೇಳಿದ್ರ ನೀ ಹೊಲಿಯಾಕ ಬಿಡ್ತಿದ್ದೇನಪ್ಪಾ? ಹೊಲಿಯೋದು ಬಿಟ್ರ ಮನ್ಯಾಗ ಒಲಿ ಹ್ಯಾಂಗ ಉರೀಬೇಕಿತ್ತು?”

ಅದೇ ತಿಂಗಳು ಮೈಸೂರಿನ ಹತ್ತಿರ ಪ್ರವಾಸಿಗರಿಗೆ ತಂಗುಮನೆ ನಡೆಸುವ ಮಾನ್ಯಾ ಎಂಬುವಳು ಆರು ಕೌದಿಗೆ ಒಪ್ಪಂದ ಮಾಡಿಕೊಂಡು ಅರ್ಧ ಹಣ ಕಳಿಸಿದ್ದಳು. ಆ ಹಣ ಸುಜಾತಾಳ ಕಾಲೇಜಿಗೂ ಈಗ ಈ ಡಾಕ್ಟರಿಗೂ ಆಗಿಹೋಗಿತ್ತು. ಆಗಸ್ಟ್ ಕೊನೆಗೆ ತಾನೇ ಬಂದು ಅಜ್ಜಿಯನ್ನು ನೋಡಿ ಕೌದಿ ಒಯ್ಯುವುದಾಗಿ ಮಾನ್ಯಾ ಬರೆದಿದ್ದಳು.

ರಾತ್ರಿ ಊಟಕ್ಕೆ ಪುಂಡಿ ಪಲ್ಯ ಬಡಿಸುತ್ತ ವಿಶಾಖಾ ಕೇಳಿದಳು, “ಅತ್ತಿ, ನಿಮ್ಮಂಗ ಹೊಲಿಯೋರು ಯಾರರ ಅದಾರೇನ್ರಿ?”

“ನನ್ನಂಗ ಅಲ್ಲ, ನನಗಿಂತ ಚಲೋ ಹೊಲಿಯಾಕಿ ಒಬ್ಬಾಕಿ ಅದಾಳ. ಬಡೇಬೀ. ನಮ್ಮೂರು ಮಸರಕಲ್‌ದಾಗ ನಮ್ಮ ಮನಿ ಹಿಂದ ಇದ್ಲು. ಈಗ ಮಾನ್ವ್ಯಾಗ ಮಗನ ಕಡಿ ಅದಾಳ.”

ಮರುದಿನವೇ ವಿಶಾಖಾ ಮಾನ್ವಿಯ ಬಸ್ಸು ಹತ್ತಿದಳು. ಬಡೇಬೀಯ ಮಗ ಇಮಾಮಹುಸೇನ ಆಟೋ ಓಡಿಸುತ್ತಿದ್ದ. ಅವನಿಗೆ ತಾಯಿ ಬೇರೆ ಊರಿಗೆ ಹೋಗುವುದು ಇಷ್ಟವಿರಲಿಲ್ಲ. ಆದರೆ ಸುದ್ದಿ ಕೇಳಿದ ಬಡೇಬೀ ಬಾಗಿಲಲ್ಲೇ ಕುಸಿದು ಕುಳಿತಳು.

“ಸೂಗಿ ಕಣ್ಣ ಹೋದ್ವಾ? ಯಾ ಅಲ್ಲಾ. ನಡಿಯವ್ವಾ, ಎರಡು ಸೀರಿ ತಗೊಂತೀನಿ, ನಡಿ.”

ಬಡೇಬೀ ಬಂದ ಮೇಲೆ ಮನೆಯ ತೂಕವೇ ಬದಲಾಯಿತು. ನಸುಕಿನಲ್ಲಿ ನಮಾಜು ಮುಗಿಸಿ, ಒಂದು ಕಪ್ಪು ಚಹಾ ಕುಡಿದು, ಬೆಳಕು ಬರುವ ಬಾಗಿಲಲ್ಲಿ ಕೂತರೆ ಮಧ್ಯಾಹ್ನದವರೆಗೆ ತಲೆ ಎತ್ತುತ್ತಿರಲಿಲ್ಲ. ಸೂಗಮ್ಮ ಪಕ್ಕದಲ್ಲಿ ಕೂತು ಬಟ್ಟೆ ಮುಟ್ಟಿ ನೋಡಿ, ಇದು ಮಗ್ಗದ್ದು, ಇದು ಮಿಲ್ಲಿನದು ಎಂದು ಬೇರೆ ಮಾಡಿ ಕೊಡುತ್ತಿದ್ದಳು. ಇಬ್ಬರೂ ಒಂದೇ ಹರಿವಾಣದಲ್ಲಿ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುವುದನ್ನು ನೋಡಿ ಪಕ್ಕದ ಮನೆಯವರು ಒಮ್ಮೆ ಕೆಮ್ಮಿದರು. ಯಾರೂ ತಿರುಗಿ ನೋಡಲಿಲ್ಲ.

ಕೌದಿಗೊಂದರಂತೆ ಮಾತಾಡಿದ ಕೂಲಿಯನ್ನು ವಿಶಾಖಾ ತಪ್ಪದೆ ಕೊಡುತ್ತಿದ್ದಳು. ವಾರಕ್ಕೊಮ್ಮೆ ಸುಜಾತಾ ವಿಡಿಯೋ ತೆಗೆಯುತ್ತಿದ್ದಳು. ಆಗ ಬಡೇಬೀ ಎದ್ದು ಒಳಗೆ ಹೋಗಬೇಕು. ಅವಳು ಎದ್ದ ಜಾಗದಲ್ಲಿ ಸೂಗಮ್ಮ ಕೂತು, ಅವಳು ಚುಚ್ಚಿಟ್ಟ ಸೂಜಿಯನ್ನು ಹಿಡಿದು, ಕೌದಿಯ ಮೇಲೆ ತಲೆ ಬಗ್ಗಿಸಬೇಕು.

“ಇನ್ನೊಂದು ಸ್ವಲ್ಪ ನಗಜ್ಜಿ,” ಎನ್ನುತ್ತಿದ್ದಳು ಸುಜಾತಾ.

“ನಗು ಬರಂಗಿಲ್ಲ ಬೇ. ಆಕಿ ಹೊಲಿದದ್ದಕ್ಕ ನಾ ಯಾಕ ನಗಲಿ?”

ಒಳಗಿನಿಂದ ಬಡೇಬೀ ಕೂಗುತ್ತಿದ್ದಳು, “ನಗಾ ಸೂಗಿ, ನಾ ಇಲ್ಲಿಂದ ನಗಾಕತ್ತೀನಿ, ನೀನೂ ನಗು!”

ಜುಲೈ ಮುಗಿಯುವ ಹೊತ್ತಿಗೆ ಮೂರು ಕೌದಿಗಳಾಗಿದ್ದವು. ನಾಲ್ಕನೆಯದರ ಮೂಲೆಗೆ ಸುಜಾತಾ ಸೀಮೆಸುಣ್ಣದಿಂದ ಗುರುತು ಹಾಕಿ ಕೊಟ್ಟಳು. ಬಡೇಬೀ ಎಂದಿನಂತೆ ಆ ಗೆರೆಗಳ ಮೇಲೆ ಕೆಂಪು ದಾರ ಓಡಿಸುತ್ತ ಕೇಳಿದಳು, “ಈ ಸುಳಿ ಭಾಳ ತೊಡಕು ನೋಡವ್ವಾ. ಈ ಹೂವಿಗೆ ಏನಂತಾರ?”

“ಹೂವಲ್ಲ ಚಿಗಜ್ಜಿ, ಅಕ್ಷರ.”

“ಏನಂತ ಬರದದ?”

ಸುಜಾತಾ ತಾಯಿಯ ಕಡೆ ನೋಡಿದಳು. ವಿಶಾಖಾ ಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಸೂಗಮ್ಮ ಅಂತ,” ಎಂದಳು ಸುಜಾತಾ.

ಬಡೇಬೀಯ ಸೂಜಿ ನಿಂತಿತು. “ನಾಕು ಕೌದಿ ಮ್ಯಾಲ ನನ್ನ ಕೈಲೆ ಆಕಿ ಹೆಸರ ಹೊಲಿಸೀರಿ. ನಾ ಅಂಗಡಿ ಗುರುತು ಅಂತ ತಿಳಿದಿದ್ದೆ.” ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೇಳಿದಳು, “ವಿಶಾಖಾ, ಆಕಿ ಹೆಸರ ಇರ್ಲವ್ವಾ. ಆಕಿ ಅಂಗಡಿ. ಬಾಜೂಕ ನಂದೂ ಒಂದಿಟ್ಟು ಹಾಕಾಕ ಬರ್ತದೇನು? ಸಣ್ಣದು.”

“ಇವರಿಗೆ ಕೇಳ್ತೀನಿ ಚಿಗವ್ವ,” ಎಂದಳು ವಿಶಾಖಾ.

ಆ ಸಂಜೆ ಅಡಿಗೆ ಮೂಲೆಯಲ್ಲಿ ಮಾತು ಶುರುವಾಯಿತು. ಬಡೇಬೀ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆಂದು ಎಲ್ಲರೂ ತಿಳಿದಿದ್ದರು.

“ಹೆಸರ ಹಾಕಾಕ ಬರಂಗಿಲ್ಲ,” ಎಂದ ಯಲ್ಲಾಲಿಂಗ. “ಮಂದಿ ಸೂಗಮ್ಮಜ್ಜಿ ಅಂತ ರೊಕ್ಕ ಕೊಡಾಕತ್ತಾರ. ಈಗ ಇನ್ನೊಂದು ಹೆಸರ ಹಾಕಿದ್ರ ಯಾರಾಕಿ ಅಂತ ಕೇಳ್ತಾರ. ಅದೂ ಆ ಹೆಸರ. ಈಗಿನ ದಿನಮಾನದಾಗ ಏನೇನ ಬರೀತಾರ ನಿನಗ ಗೊತ್ತಿಲ್ಲೇನು?”

“ಆ ಹೆಸರ ಅಂದ್ರ?” ಸೂಗಮ್ಮ ಗೋಡೆ ಹಿಡಿದು ಎದ್ದು ಬಂದಳು.

“ಯವ್ವಾ, ನಾ ಇದ್ದದ್ದು ಹೇಳಾಕತ್ತೀನಿ.”

“ಈ ಮನಿ ಸಿಗೋಕಿಂತ ಮೊದಲು ನಾಕು ಮನಿ ನೋಡಿದ್ವಿ. ನಾಕೂ ಮನ್ಯಾಗ ನಿನ್ನ ಹೆಸರ ಕೇಳಿ, ಯಾವ ಮಂದಿ ಅಂತ ಕೇಳಿ, ಬಾಗಲಾ ಹಾಕ್ಕೊಂಡ್ರು. ಅವತ್ತು ನೀ ಉಣ್ಣದ ಮಲಗಿದ್ದಿ. ಮರತೇನಪ್ಪಾ?”

“ಮರತಿಲ್ಲ. ಮರತಿಲ್ಲ ಅಂತನ ಹೇಳಾಕತ್ತೀನಿ. ಹೊಟ್ಟಿಗಿ ಅನ್ನ ಬೇಕಂದ್ರ ಹೆಸರ ಮುಚ್ಚಬೇಕಾಗ್ತದ.”

“ನಿಂದು ನೀ ಮುಚ್ಕೋ. ಆಕಿದು ಮುಚ್ಚಾಕ ನೀ ಯಾರು?”

ವಿಶಾಖಾ ನಡುವೆ ಬಂದಳು. “ಅತ್ತಿ, ಆರು ಕೌದಿ ಹೋಗ್ಲಿ. ಆಮ್ಯಾಲ ಹಾಕೋಣು. ಈಗ ಬ್ಯಾಡ.”

ಹಿತ್ತಲ ಬಾಗಿಲಲ್ಲಿ ಬಡೇಬೀ ಹಿಂಡಿದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೀರೆಯ ನೀರು ಅವಳ ಕಾಲ ಸುತ್ತ ಕೆರೆಯಾಗಿತ್ತು. ತಿರುಗಿ ಹೋಗಿ ಹಗ್ಗದ ಮೇಲೆ ಸೀರೆ ಒಣಹಾಕಿದಳು. ಇನ್ನೂ ಎರಡು ವಾರ ಕೂತು ನಾಲ್ಕನೆಯದನ್ನು ಮುಗಿಸಿ ಐದನೆಯದನ್ನು ಅರ್ಧಕ್ಕೆ ತಂದಳು. ಮಾತು ಮಾತ್ರ ಕಡಿಮೆಯಾಯಿತು. ಒಂದು ಮುಂಜಾನೆ ಐದನೆಯ ಕೌದಿಯನ್ನು ಮಡಿಚಿ ಮೇಲೆ ಸೂಜಿ ಚುಚ್ಚಿಟ್ಟು, ಮೊಮ್ಮಗಳಿಗೆ ಆರಾಮಿಲ್ಲ ಎಂದು ಹೇಳಿ ಹೊರಟುಹೋದಳು.

“ಮೊಮ್ಮಗಳು ಆರಾಮ ಅದಾಳ,” ಎಂದಳು ಸೂಗಮ್ಮ, ಬಸ್ಸು ಹೋದ ಮೇಲೆ. ಅವತ್ತು ಅವಳು ಒಂದೇ ರೊಟ್ಟಿ ತಿಂದಳು.

ಮಾನ್ಯಾ ಬರಲು ಹನ್ನೊಂದು ದಿನ ಉಳಿದಿತ್ತು. ವಿಶಾಖಾ, ಸುಜಾತಾ ಐದನೆಯ ಕೌದಿಗೆ ಕೂತರು. ಒಂದು ಗೇಣು ಹೊಲಿಯುವಷ್ಟರಲ್ಲಿ ಬಡೇಬೀಯ ಹೊಲಿಗೆ ಎಲ್ಲಿ ಮುಗಿದು ಇವರದು ಎಲ್ಲಿ ಶುರುವಾಯಿತೆಂದು ಬಾಗಿಲಿಂದಲೇ ಕಾಣುತ್ತಿತ್ತು. ಬಿಚ್ಚಿದರು, ಮತ್ತೆ ಹೊಲಿದರು, ಮತ್ತೆ ಬಿಚ್ಚಿದರು. ಸುಜಾತಾ ಕಾಲೇಜು ತಪ್ಪಿಸಿದಳು. ವಿಶಾಖಾಳ ತೋರುಬೆರಳು ಬಾತು, ಹಿಟ್ಟು ನಾದಲು ಆಗದೆ ಮೂರು ದಿನ ಬರೀ ಅನ್ನ ಸಾರು ಮಾಡಿದಳು. ಯಲ್ಲಾಲಿಂಗ ಮಾನ್ವಿಗೆ ಹೋಗಿ ಬಡೇಬೀಯ ಮುಂದೆ ಕೂತು ಬಂದ.

“ಏನಂದ್ಲು?” ಸೂಗಮ್ಮ ಕೇಳಿದಳು.

“ಚಾ ಕುಡಿಸಿದ್ಲು. ಬರಂಗಿಲ್ಲ ಅಂದ್ಲು.”

“ನೀ ಏನಂದಿ?”

“ಕೂಲಿ ಜಾಸ್ತಿ ಕೊಡ್ತೀವಿ ಅಂದೆ.”

ಸೂಗಮ್ಮ ಹಣೆ ಹಿಡಿದುಕೊಂಡಳು.

ಹೇಳಿದ ದಿನಕ್ಕೆ ಸರಿಯಾಗಿ ಮಾನ್ಯಾ ಬಂದಳು. ಮೂವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಹೆಣ್ಣುಮಗಳು. ಚಪ್ಪಲಿ ಹೊರಗೇ ಬಿಟ್ಟು ಬಂದು ಸೂಗಮ್ಮನ ಕಾಲು ಮುಟ್ಟಿದಳು. ನಾಲ್ಕು ಕೌದಿಗಳನ್ನು ಹರವಿದಾಗ ಅವಳ ಕಣ್ಣು ತುಂಬಿದವು. ಮಿಕ್ಕ ಎರಡು ತಡವಾದರೂ ಪರವಾಗಿಲ್ಲ ಎಂದಳು. ವಿಶಾಖಾಳಿಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಬಂತು. ಮಂಡಕ್ಕಿ ಒಗ್ಗಾಣಿಯ ತಟ್ಟೆ ತಂದಿಟ್ಟಳು.

“ಅಜ್ಜಿ, ಒಂದೇ ಒಂದು ಸಾಲು ಹೊಲಿದು ತೋರಿಸ್ತೀರಾ? ವಿಡಿಯೋ ಮಾಡ್ಕೋತೀನಿ,” ಎಂದು ಮಾನ್ಯಾ ಫೋನ್ ತೆಗೆದಳು.

ಯಲ್ಲಾಲಿಂಗ ಐದನೆಯ ಕೌದಿಯನ್ನು ತಾಯಿಯ ತೊಡೆಯ ಮೇಲಿಟ್ಟು, ಸೂಜಿಯನ್ನು ಬೆರಳಿಗೆ ಕೊಟ್ಟು, ಕಿವಿಯ ಹತ್ತಿರ, “ನಾಕ ಹೊಲಿಗಿ ಸಾಕು, ಯವ್ವಾ,” ಎಂದ. ಸೂಗಮ್ಮ ಎಡಗೈಯಿಂದ ಸಾಲು ಹುಡುಕಿ ಸೂಜಿ ಇಳಿಸಿದಳು. ಒಂದು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಕೆಳಗಿದ್ದ ಅವಳದೇ ಬೆರಳಿಗೆ ಇಳಿಯಿತು. ಬಿಳಿಯ ತುಂಡಿನ ಮೇಲೆ ರಕ್ತದ ಬೊಟ್ಟು ಹರಡಿತು.

“ನನಗ ಕಾಣಂಗಿಲ್ಲ ಯವ್ವಾ,” ಎಂದಳು ಸೂಗಮ್ಮ, ಫೋನಿದ್ದ ದಿಕ್ಕಿಗಲ್ಲ, ಬೇರೆಲ್ಲೋ ನೋಡುತ್ತ. “ಈ ನಾಕೂ ನಾ ಹೊಲಿದದ್ದಲ್ಲ. ಬಡೇಬೀ ಅಂತ ಮಾನ್ವ್ಯಾಗ ಅದಾಳ. ಆಕಿ ಹೊಲಿದದ್ದು.”

ಯಲ್ಲಾಲಿಂಗ ಕಣ್ಣು ಮುಚ್ಚಿಕೊಂಡ. ಮಾನ್ಯಾ ಫೋನ್ ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಯೋಚನೆ ಮಾಡಿ ನಿಧಾನವಾಗಿ ಹೇಳಿದಳು, “ಇರಲಿ ಬಿಡಿ. ಇದನ್ನ ಇಲ್ಲಿಗೇ ಬಿಟ್ಟುಬಿಡೋಣ. ರೂಮುಗಳಲ್ಲಿ ಇಡೋಕೆ ಅಜ್ಜಿ ಫೋಟೋ ಹಾಕಿ ಕಾರ್ಡ್ ಮಾಡಿಸಿದೀನಿ. ಅಜ್ಜಿ ಹಿಂಗೇ ಸೂಜಿ ಹಿಡಿದು ಕೂತ್ಕೊಂಡ್ರೆ ಸಾಕು. ನಿಮ್ಮ ಕೆಲಸದವರು ಹೊಲಿದರೂ ನಿಮ್ಮದೇ ಅಲ್ವಾ? ಇನ್ನೂ ಹತ್ತು ತಗೋತೀನಿ ನಾನು.”

“ಆಗಲಿ ಮೇಡಂ,” ಎಂದ ಯಲ್ಲಾಲಿಂಗ.

“ಆಗಂಗಿಲ್ಲ,” ಎಂದಳು ಸೂಗಮ್ಮ. “ಆಕಿ ನಮ್ಮ ಕೆಲಸದಾಕಿ ಅಲ್ಲ. ನಿನ್ನ ಕಾಗದದ ಮ್ಯಾಲ ಆಕಿ ಹೆಸರ ಹಾಕ್ತೀಯೇನವ್ವಾ?”

“ಕಾರ್ಡ್ ಅಚ್ಚಾಗಿಬಿಟ್ಟಿದೆ ಅಜ್ಜಿ.”

“ಹಂಗಾದ್ರ ಕೌದಿ ಇಲ್ಲೇ ಇರ್ಲಿ.”

“ಯವ್ವಾ!”

“ಇರ್ಲಿ ಅಂದೆ.”

ಮಾನ್ಯಾ ವಿಶಾಖಾಳ ಮುಖ ನೋಡಿದಳು. ವಿಶಾಖಾ ಹೂಂ ಎಂದಿದ್ದರೆ ವ್ಯಾಪಾರ ಉಳಿಯುತ್ತಿತ್ತೇನೋ. ಅವಳು ಬಾತ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತಳು. ಮುಂದಿನ ತಿಂಗಳೊಳಗೆ ಮುಂಗಡ ಮರಳಿಸಿದರೆ ಸಾಕು ಎಂದು ಹೇಳಿ ಮಾನ್ಯಾ ಎದ್ದಳು. ತಟ್ಟೆಯಲ್ಲಿ ಒಗ್ಗಾಣಿ ಮುಟ್ಟದೆ ತಣ್ಣಗಾಗಿತ್ತು.

ಕಾರು ಹೋದ ಸದ್ದು ನಿಂತ ಮೇಲೆ ಯಲ್ಲಾಲಿಂಗ ತಟ್ಟೆಯನ್ನು ಎತ್ತಿ ಹಿತ್ತಲಿಗೆ ಒಗೆದ.

“ನಿನ್ನ ಮೊಮ್ಮಗಳ ಕಾಲೇಜು, ನಿನ್ನ ಕಣ್ಣಿನ ಇಂಜೆಕ್ಷನ್, ಎರಡೂ ಆ ಕಾರಿನ ಕೂಡ ಹೋದ್ವು! ಸಮಾಧಾನ ಆತೇನು ನಿನಗ?”

“ಇಲ್ಲ.”

“ಮತ್ತ್ಯಾಕ ಹಂಗ ಮಾಡಿದಿ?”

“ಕಣ್ಣಿಲ್ಲದಾಕೀನ ಗೊಂಬಿ ಮಾಡಿ ಕುಂದರಿಸಿದ್ರಿ, ಕುಂತೆ. ಇನ್ನ ಕುಂದರಂಗಿಲ್ಲ. ಸುಜಾತಾ, ಬ್ಲೇಡ್ ಕೊಡು ಬೇ.”

ಸುಜಾತಾ ಕೊಟ್ಟಳು. ಸೂಗಮ್ಮ ನಾಲ್ಕು ಕೌದಿಗಳ ಮೂಲೆಗಳನ್ನು ಒಂದೊಂದಾಗಿ ತೊಡೆಯ ಮೇಲೆ ಎಳೆದುಕೊಂಡು, ಉಬ್ಬಿದ ದಾರವನ್ನು ಬೆರಳತುದಿಯಿಂದ ಹುಡುಕಿ, ಬಟ್ಟೆ ಸೀಳದಂತೆ ತನ್ನ ಹೆಸರನ್ನು ಬಿಚ್ಚಿದಳು. ಮುಗಿಸಲು ಸಂಜೆಯಾಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಯಾರೂ ತಡೆಯಲೂ ಇಲ್ಲ.

ಎರಡು ದಿನ ಬಿಟ್ಟು ವಿಶಾಖಾ ಅಂಗಡಿಯ ಪುಟದಲ್ಲಿ ನಡೆದದ್ದನ್ನು ನಡೆದಂತೆ ಬರೆದಳು. ಅತ್ತೆಯ ಕಣ್ಣು ಹೋದದ್ದು, ಬಡೇಬೀ ಹೊಲಿದದ್ದು, ಮುಚ್ಚಿಟ್ಟದ್ದು. ಒಬ್ಬಿಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಉಳಿದವರು ಮೋಸಗಾರರೆಂದರು. ಬಡೇಬೀಯ ಹೆಸರು ಹಿಡಿದು ಕೆಲವರು ಬರೆದದ್ದನ್ನು ಸುಜಾತಾ ಅಜ್ಜಿಗೆ ಓದಿ ಹೇಳದೆ ಅಳಿಸಿದಳು. ಬಾಕಿ ಇದ್ದ ಮೂರು ಆರ್ಡರುಗಳೂ ರದ್ದಾದವು. ಅದಾದ ಮೇಲೆ ಆ ಫೋನು ಸದ್ದೇ ಮಾಡಲಿಲ್ಲ.

ಯಲ್ಲಾಲಿಂಗ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬನ ಬಳಿ ತೂಕದ ಚೀಟಿ ಬರೆಯಲು ಹೋಗತೊಡಗಿದ. ಒಂಬತ್ತು ದಿನ ತಾಯಿಯೊಡನೆ ಮಾತಾಡಲಿಲ್ಲ. ಇಂಜೆಕ್ಷನ್ನಿನ ದಿನ ಬಂದು ಹೋಯಿತು. ಅಂದು ಅವನು ತಲೆಯಲ್ಲೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಬಂದು ಊಟಕ್ಕೆ ಕೂತು, “ಯವ್ವಾ, ಇವತ್ತು ಹ್ಯಾಂಗ ಕಾಣ್ತದ?” ಎಂದು ಕೇಳಿದ.

“ನೀ ಕುಂತೀ ಅಂತ ಗೊತ್ತಾಗ್ತದ. ಮಾರಿ ಕಾಣಂಗಿಲ್ಲ.”

ಅವನು ತುತ್ತು ಬಿಟ್ಟು ಎದ್ದ.

ಸುಜಾತಾ ಕಾಲೇಜು ಬಿಡುತ್ತೇನೆಂದಾಗ ವಿಶಾಖಾ ಅವಳ ಕೆನ್ನೆಗೆ ಬಾರಿಸಿದಳು. ಆಮೇಲೆ ಇಬ್ಬರೂ ಅತ್ತರು. ಮರುದಿನ ವಿಶಾಖಾ ನಾಲ್ಕು ಕೌದಿಗಳನ್ನು ಗಂಟು ಕಟ್ಟಿ, ಅತ್ತೆಯ ಕೈ ಹಿಡಿದು ಮಾನ್ವಿಗೆ ಹೊರಟಳು.

ಇಮಾಮಹುಸೇನ ಬಾಗಿಲಲ್ಲಿ ಅಡ್ಡ ನಿಂತ. “ಮತ್ತ್ಯಾಕ ಬಂದ್ರಿ? ನಮ್ಮ ಅಮ್ಮಾನ್ನ ಎದ್ದು ಒಳಗ ಹೋಗು ಅನ್ನಾಕೇನ್ರಿ?”

“ಬರ್ಲಿ ಬಿಡು,” ಎಂದಳು ಒಳಗಿಂದ ಬಡೇಬೀ.

ವಿಶಾಖಾ ನಡೆದದ್ದನ್ನೆಲ್ಲ ಹೇಳಿದಳು. ಸೂಗಮ್ಮ ಗಂಟನ್ನು ಮುಂದೆ ನೂಕಿದಳು. “ಇವು ನಿನ್ನವು. ಕೊಟ್ಟ ಕೂಲಿ ಕೊಟ್ಟಾಂಗ ಆತು. ಏನರ ಮಾಡ್ಕೋ.”

ಬಡೇಬೀ ಒಂದು ಕೌದಿಯ ಮೂಲೆ ಬಿಡಿಸಿ ನೋಡಿದಳು. “ತೂತು ಹಂಗ ಅದಾವ.”

“ತೊಳದ್ರ ಮುಚ್ತಾವ.”

“ಮುಚ್ಚಿದ್ರ ಮುಚ್ಚಲಿ.” ಅವಳು ಸೂಗಮ್ಮನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ಎರಡೂ ಕಣ್ಣು ನೋಡಿದಳು. ಆಮೇಲೆ ವಿಶಾಖಾಳಿಗೆ, “ಆ ಮೈಸೂರ ಹುಡುಗೀಗೆ ಕೊಡೋದು ಇನ್ನೂ ಅದ ಏನು?” ಎಂದಳು.

“ಪೂರಾ ಅದ ಚಿಗವ್ವ.”

“ನಿಮ್ಮ ಮನಿಗೆ ನಾ ಬರಂಗಿಲ್ಲ. ಫೋನಿನ್ಯಾಗ ಮಾರೋದೂ ನನಗ ಬ್ಯಾಡ. ದೇವದುರ್ಗದ ಸಂತಿಗೆ ಬರ್ತೀನಿ. ನಮ್ಮ ಮಸರಕಲ್ ಕಡಿ ಮಂದಿ ಬರ್ತಾರ ಅಲ್ಲಿ, ಕೌದಿ ಹೊದಿಯೋ ಮಂದಿ. ನಾಕರಾಗ ಎರಡು ನನಗ, ಎರಡು ನಿಮಗ. ನೀವೂ ಬಂದು ಬಾಜೂಕ ಕುಂದರಬೇಕು.”

ದೇವದುರ್ಗದ ಸಂತೆಯಲ್ಲಿ ಒಣಮೆಣಸಿನಕಾಯಿಯ ಚೀಲಗಳಿಗೂ ಪ್ಲಾಸ್ಟಿಕ್ ಕೊಡಗಳಿಗೂ ನಡುವೆ ಮೂವರು ಹೆಂಗಸರಿಗೆ ಜಾಗ ಸಿಕ್ಕಿತು. ಮಧ್ಯಾಹ್ನದವರೆಗೆ ಬರೀ ಮುಟ್ಟಿ ನೋಡಿ ಹೋದರು. ವಿಶಾಖಾ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಇದೇ ಕೌದಿಗೆ ಮಾನ್ಯಾಳಿಗೆ ನಾಲ್ಕೂವರೆ ಸಾವಿರ ಹೇಳಿದ್ದು ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಬಿಸಿಲು ಇಳಿಯುವಾಗ ಹೆಂಡತಿಯೊಡನೆ ಬಂದ ಒಬ್ಬ ರೈತ ಕೌದಿಯ ಅಂಚನ್ನು ಎರಡೂ ಕೈಯಿಂದ ಎಳೆದು ನೋಡಿದ.

“ಗಟ್ಟಿ ಅದ. ಯಾರು ಹೊಲಿದದ್ದಬೇ ಇದು?”

“ನಾನ ಹೊಲಿದೀನಿ,” ಎಂದಳು ಬಡೇಬೀ.

“ಎಷ್ಟು?”

“ಎರಡು ಸಾವಿರ.”

ಅವನು ನಕ್ಕ. ಆರುನೂರರಿಂದ ಶುರುಮಾಡಿದ. ಬಡೇಬೀ ಬೈದಳು, ಮಡಿಚಿದಳು, ಮತ್ತೆ ಬಿಚ್ಚಿದಳು. ಅವನ ಹೆಂಡತಿ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡು ಬಿಡಲೊಲ್ಲದೆ ನಿಂತಳು. ಕೊನೆಗೆ ಒಂಬೈನೂರಕ್ಕೆ ನಿಂತಿತು. ಅವರು ಕೌದಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಜನರಲ್ಲಿ ಮರೆಯಾದರು.

“ಎಷ್ಟಕ್ಕ ಹೋತು?” ಸೂಗಮ್ಮ ಕೇಳಿದಳು.

“ಒಂಬೈನೂರಕ್ಕ.”

“ಭಾಳ ಕಡಿಮಿ ಆತಲ್ಲ ಬೇ.”

“ಹೌದು, ಕಡಿಮಿ ಆತು,” ಎಂದಳು ಬಡೇಬೀ. ನೋಟುಗಳನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ವಿಶಾಖಾಳ ಕಡೆ ತಿರುಗಿದಳು. “ಸೆರಗ ಹಿಂದ ಹಾಕವ್ವಾ, ಮಂದಿಗೆ ಮಾರಿ ಕಾಣ್ಲಿ. ಇನ್ನೊಂದು ಬಿಚ್ಚು.”